ಬಿಸಿಯಾಗದ ಮೂಗು

ಹಾವಿನ ಹಾಗೆ ಮಾತಿಗೂ ತಲೆ ಒಂದು ಕಡೆ, ಬಾಲ ಒಂದು ಕಡೆ. ಲೋಕದ ಜನ ತಲೆಯನ್ನು ನೋಡಿ ಹೆದರುತ್ತಾರೆ, ಆದರೆ ಕೆಲಸಕ್ಕೆ ಬರುವ ಸಂಗತಿ ಇರುವುದು ಬಾಲದಲ್ಲಿ. ನಮ್ಮ ಕನ್ನಡಕದಂಗಡಿಯ ಯಜಮಾನರು ಹುಟ್ಟಿದಾಗಿನಿಂದ ಒಂದೇ ಒಂದು ಮಾತಿನ ಬಾಲವನ್ನೂ ಕಂಡವರಲ್ಲ. ಎದುರಿನವರು ಬಾಯಿ ತೆರೆದು ಅರ್ಧ ವಾಕ್ಯ ಆಡುವಷ್ಟರಲ್ಲಿ "ಗೊತ್ತು, ಗೊತ್ತು" ಎಂದು ಎದ್ದುಬಿಡುತ್ತಿದ್ದರು. ಕಣ್ಣು ತೋರಿಸಲು ಬಂದವರು ಮೇಲಿನ ಸಾಲಿನ ದೊಡ್ಡ ಅಕ್ಷರ ಓದುವುದರೊಳಗೆ "ಗೊತ್ತು" ಎಂದು ಗಾಜು ಆರಿಸಿ ಕೊಡುತ್ತಿದ್ದರು. ಕೊಟ್ಟ ಗಾಜು ಬಹುಪಾಲು ಸರಿಯಾಗಿಯೇ ಇರುತ್ತಿತ್ತು. ಭಗವಂತ ಅವಸರದವರ ಹಿಂದೆ ಹಿಂದೆಯೇ ನಡೆಯುತ್ತಾನೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಬೀದಿಯವರು ಅವರಿಗೆ ಗೊತ್ತುರಾಯರು ಎಂದು ಹೆಸರಿಟ್ಟರು. ಆ ಹೆಸರು ಯಾಕೆ ಬಂತೆಂದು ಯಾರೋ ವಿವರಿಸಲು ಹೋದಾಗ ಅವರು ಅದಕ್ಕೂ "ಗೊತ್ತು" ಎಂದರಂತೆ.

ಇಂಥ ಗೊತ್ತುರಾಯರು ಈಗ ಒಂಟಿ.

ಆದದ್ದಿಷ್ಟು. ಅವರ ಮನೆಯಾಕೆಯ ತಮ್ಮನ ಹೆಂಡತಿ ಮೆಟ್ಟಿಲಿನಿಂದ ಜಾರಿ ಕಾಲು ಮುರಿದುಕೊಂಡಿದ್ದಳು. ಒಂದು ವಾರ ಆರೈಕೆ ಮಾಡಿ ಬರುತ್ತೇನೆಂದು ಮನೆಯಾಕೆ ಹೊರಟಾಗ ರಾಯರೇ ತಮ್ಮ ಹಳೆಯ ಕಾರಿನಲ್ಲಿ ಬಿಟ್ಟುಬಂದರು. ಆ ಊರಿಗೆ ಹೋಗುವುದು ಏರುದಾರಿ. ಅರ್ಧ ಏರುವಷ್ಟರಲ್ಲಿ ಗಾಡಿ ಬಿಕ್ಕಳಿಸತೊಡಗಿತು, ಒಳಗೆಲ್ಲ ಹಸಿ ಪೆಟ್ರೋಲಿನ ನಾತ ತುಂಬಿತು, ಮುಂದಿನ ಫಲಕದಲ್ಲಿ ಇಂಜಿನ್ ಚಿತ್ರದ ಹಳದಿ ದೀಪ ಹೊತ್ತಿಕೊಂಡಿತು. ಮನೆಯಾಕೆ ಸೆರಗಿನಿಂದ ಮೂಗು ಮುಚ್ಚಿಕೊಂಡು, ದಾರಿಯುದ್ದಕ್ಕೂ ಕಿಟಕಿಯ ಹೊರಗೇ ಮುಖ ಇಟ್ಟುಕೊಂಡು ತವರು ಸೇರಿದಳು. ಇಳಿಯುವಾಗ ಹೇಳಿದಳು:

"ಮೊದಲು ಆ ದೀಪ ಆರಿಸಿ. ಆರಿದ ಮೇಲೆ ಬಂದು ಕರ್ಕೊಂಡು ಹೋಗಿ. ಅದು ಉರೀತಿದ್ರೆ ಈ ಗಾಡೀಲಿ ನಾನು ಕೂರೋಳಲ್ಲ."

"ಗೊತ್ತು, ಗೊತ್ತು," ಎಂದರು ರಾಯರು.

ವಾರ ಕಳೆಯಿತು. ತಿಂಗಳು ಕಳೆಯಿತು, ಇನ್ನೊಂದು ತಿಂಗಳೂ ಕಳೆಯಿತು. ನಾದಿನಿಯ ಕಾಲು ಕೂಡಿಕೊಂಡಿತು, ಅವಳು ಊರುಗೋಲು ಮೂಲೆಗಿಟ್ಟು ಓಡಾಡತೊಡಗಿದಳು. ಈ ಕಡೆ ರಾಯರ ಮನೆಯಲ್ಲಿ ಎಲ್ಲವೂ ಇದ್ದಲ್ಲೇ ಇತ್ತು, ಯಾವುದೂ ಸರಿಯಿರಲಿಲ್ಲ. ಸಂಜೆ ಅಂಗಡಿಯಿಂದ ಬಂದು ಗೇಟು ತೆಗೆದರೆ "ಬಂದ್ರಾ?" ಎನ್ನುವ ದನಿ ಇಲ್ಲ. ಮೂವತ್ತು ವರ್ಷ ಆ ಒಂದು ಪದಕ್ಕೆ ಅವರು ಉತ್ತರ ಕೊಟ್ಟಿರಲಿಲ್ಲ, ಕಣ್ಣೆದುರೇ ಬಂದು ನಿಂತವನನ್ನು ಬಂದ್ರಾ ಎಂದು ಕೇಳುವುದು ಯಾವ ನ್ಯಾಯ ಎಂದು. ಈಗ ಖಾಲಿ ಮನೆಯ ಬಾಗಿಲು ತಳ್ಳಿ, ಚಪ್ಪಲಿ ಬಿಟ್ಟು, "ಹ್ಞೂಂ, ಬಂದೆ" ಎಂದು ಗೋಡೆಗೆ ಹೇಳುತ್ತಿದ್ದರು.

ಹಾಗಿದ್ದರೆ ಫೋನು ಮಾಡಿ 'ಬಾ' ಎನ್ನಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕೇಳುವವರು ಗಂಡಸರ ಜಾತಕ ಓದಿದವರಲ್ಲ. 'ನೀನಿಲ್ಲದೆ ಆಗ್ತಿಲ್ಲ' ಎನ್ನುವ ಮಾತು ರಾಯರ ಗಂಟಲವರೆಗೆ ಬಂದು, ಹಲ್ಲಿನ ಬಾಗಿಲಲ್ಲಿ ನಿಂತು, ವಾಪಸು ಹೋಗುತ್ತಿತ್ತು. ಅದರ ಬದಲು ಒಂದು ದಿನ ಅವರು ಫೋನಿನಲ್ಲಿ ಸ್ವಲ್ಪ ಠೀವಿಯಿಂದ, "ದೀಪ ಆರಿಹೋಯ್ತು. ನಾನೇ ನೋಡಿ ಸರಿಮಾಡಿದೆ," ಎಂದುಬಿಟ್ಟರು.

ಸರಿಮಾಡಿದ್ದೇನು? ಪಕ್ಕದ ಮನೆಯ ಮೇಷ್ಟ್ರು ಕೊಟ್ಟ ಸಲಹೆಯಂತೆ ದೀಪದ ಮೇಲೆ ಒಂದು ತುಂಡು ಕಪ್ಪು ಟೇಪು ಅಂಟಿಸಿದ್ದರು, ಅಷ್ಟೆ. ನಿವೃತ್ತರಾದ ಮೇಲೆ ಮೇಷ್ಟ್ರು ತಿದ್ದಲು ಮಕ್ಕಳಿಲ್ಲದೆ ಬೀದಿಯನ್ನೇ ತಿದ್ದುತ್ತಿದ್ದರು. "ಕಾಣದ್ದು ಇಲ್ಲ ಅಂತಲೇ ಲೆಕ್ಕ ಕಣ್ರೀ," ಎಂದಿದ್ದರು.

ಆದರೆ ಟೇಪಿನ ಕೆಳಗೆ ದೀಪ ಉರಿಯುತ್ತಿತ್ತು, ಗಾಡಿ ಬಿಕ್ಕುತ್ತಿತ್ತು, ಹಿಂದಿನ ಕೊಳವೆಯ ಬಾಯಿ ಬಾಣಲೆ ತಳದಂತೆ ಮಸಿಯಾಗಿತ್ತು. ಇಂಥ ಗಾಡಿಯಲ್ಲಿ ಹೋಗಿ ಹೆಂಡತಿಯ ಮುಂದೆ ನಿಲ್ಲುವುದು ಹೇಗೆ? ಆ ಕಡೆ ಮನೆಯಾಕೆ, ದೀಪ ಆರಿದ ಮೇಲೂ ಬಾರದ ಗಂಡನಿಗಾಗಿ ಒಂದು ದಿನ ಕಾದಳು, ಎರಡು ದಿನ ಕಾದಳು. ಮೂರನೆಯ ದಿನ ಅವಳೇ ಫೋನು ಮಾಡಿದಳು.

"ಅಂಗಡೀಲಿ ಕೆಲಸ ಜಾಸ್ತಿನಾ?"

"ಜಾಸ್ತಿ," ಎಂದರು ರಾಯರು. ಅಂಗಡಿಯಲ್ಲಿ ಅಂದು ಒಂದು ನೊಣ ಬಿಟ್ಟರೆ ಯಾರೂ ಬಂದಿರಲಿಲ್ಲ.

"ಹಾಗಾದ್ರೆ ಪುರುಸೊತ್ತಾದಾಗ ಬನ್ನಿ," ಎಂದಳು. ಆ 'ಪುರುಸೊತ್ತಾದಾಗ' ಎಂಬುದನ್ನು ಆಕೆ ಇಟ್ಟ ಬಗೆ ಹೇಗಿತ್ತೆಂದರೆ, ತೊಳೆದ ಪಾತ್ರೆಯನ್ನು ಸದ್ದಾಗದಂತೆ ಬೋರಲು ಹಾಕಿದ ಹಾಗಿತ್ತು. ಕೂಗಾಡಿದ್ದರೆ ರಾಯರು ನೆಮ್ಮದಿಯಾಗಿ ಮಲಗುತ್ತಿದ್ದರು. ಅಂದು ನಿದ್ದೆ ಬರಲಿಲ್ಲ.

ಮರುದಿನವೇ ಗಾಡಿ ಗ್ಯಾರೇಜಿಗೆ ಹೋಯಿತು. ಗ್ಯಾರೇಜಿನ ಮೇಸ್ತ್ರಿ ಮಾತಿನ ಮಲ್ಲ. ಕೈಯಲ್ಲಿ ಪಾನಾ ಹಿಡಿದರೆ ಹರಿಕಥೆ ಶುರುವಾದಂತೆಯೇ. ತನ್ನ ಪರೀಕ್ಷೆಯ ಯಂತ್ರದ ತಂತಿಯನ್ನು ಗಾಡಿಗೆ ಚುಚ್ಚಿ, ಪರದೆ ನೋಡಿ, ದೇವಿ ಮೈಮೇಲೆ ಬಂದವನಂತೆ ಕಣ್ಣು ಮುಚ್ಚಿ ಘೋಷಿಸಿದ:

"ಆಕ್ಸಿಜನ್ ಸೆನ್ಸರ್! ಅದರೊಳಗಿನ ಹೀಟರ್ ಹೋಗಿದೆ. ಬದಲಾಯಿಸೋಣ."

ಬದಲಾಯಿಸಿದ್ದೂ ಆಯಿತು. ರಾಯರು ಟೇಪು ಕಿತ್ತೆಸೆದು, ತಲೆ ಬಾಚಿಕೊಂಡು, ಒಳ್ಳೆಯ ಅಂಗಿ ತೊಟ್ಟು ಹೆಂಡತಿಯನ್ನು ಕರೆತರಲು ಹೊರಟರು. ಬೀದಿಯ ತಿರುವು ದಾಟಿರಲಿಲ್ಲ, ದೀಪ ಮತ್ತೆ ಕಣ್ಣುಬಿಟ್ಟಿತು. ಒಳ್ಳೆಯ ಅಂಗಿಯಲ್ಲೇ ಗಾಡಿಯನ್ನು ಗ್ಯಾರೇಜಿಗೆ ತಿರುಗಿಸಿದರು.

"ಹೊಸ ಮೂಗಿಗೂ ನೆಗಡಿ!" ಎಂದು ಮೇಸ್ತ್ರಿ ತೊಡೆ ತಟ್ಟಿಕೊಂಡ. "ನೋಡಿ ಸ್ವಾಮಿ, ಈ ಸೆನ್ಸರ್ ಅಂದ್ರೆ ಗಾಡಿ ಮೂಗು. ಹೊಗೆ ಕೊಳವೇಲಿ ಕೂತು, ಒಳಗೆ ಸರಿಯಾಗಿ ಉರೀತಿದೆಯೋ ಇಲ್ವೋ ಅಂತ ಮೂಸಿ ಇಂಜಿನ್ನಿಗೆ ಹೇಳ್ತದೆ. ಆದ್ರೆ ತಣ್ಣಗಿರೋ ಮೂಗಿಗೆ ವಾಸನೆ ಹತ್ತಲ್ಲ. ಅದಕ್ಕೇ ಅದರೊಳಗೆ ಪುಟ್ಟ ಒಲೆ. ಗಾಡಿ ಎದ್ದ ಕೂಡಲೇ ಒಲೆ ಹೊತ್ತಿ ಮೂಗು ಬಿಸಿಯಾಗ್ಬೇಕು. ಆಗ್ಲಿಲ್ಲ ಅನ್ನಿ, ಇಂಜಿನ್ ಕುರುಡಂದಾಜಿನ ಮೇಲೆ ಪೆಟ್ರೋಲ್ ಕುಡೀತಾ ಹೋಗ್ತದೆ."

ರಾಯರು ಜೀವಮಾನದಲ್ಲಿ ಮೊದಲ ಬಾರಿಗೆ ಒಂದಿಷ್ಟು ಕೇಳಿದರು. ಬಿಸಿ ತಾಗದ ಮೂಗು, ಅಂದಾಜಿನ ಮೇಲೆ ನಡೆಯುವ ಸಂಸಾರ; ಇದೆಲ್ಲ ಎಲ್ಲೋ ಕಂಡಂತೆ ಅನ್ನಿಸಿತು. ಮೇಸ್ತ್ರಿ ಅಷ್ಟರಲ್ಲಿ ಪಕ್ಕದ ಸೀಟಿಗೆ ಕೂತು, ಕಾಲು ಚಾಚಲೆಂದು ಸೀಟನ್ನು ಹಿಂದಕ್ಕೆ ತಳ್ಳಿದ. ರಾಯರು ಬಗ್ಗಿ ಅದನ್ನು ಮತ್ತೆ ಮುಂದಕ್ಕೆ ಎಳೆದರು. ಅದು ಮನೆಯಾಕೆಯ ಅಳತೆ.

"ಹೊಸ ಸೆನ್ಸರಿಗೂ ಹೀಗಾದ್ರೆ ತಪ್ಪು ಸೆನ್ಸರಿನದ್ದಲ್ಲ," ಎಂದ ಮೇಸ್ತ್ರಿ ಮೊಣಕಾಲು ಗದ್ದಕ್ಕೆ ತಗುಲುವಂತೆ ಕೂತೇ. "ಕರೆಂಟು ಅಲ್ಲೀವರೆಗೆ ಹೋಗ್ತಿದೆಯಾ ಅಂತ ನೋಡ್ಬೇಕು. ಗಾಡಿ ಪೂರ್ತಿ ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಆ ಗಳಿಗೇಲೇ ಮೀಟರ್ ಹಿಡೀಬೇಕು. ಈಗ ಕುದೀತಾ ಇದೆ, ಆಗಲ್ಲ. ನಾಳೆ ಬೆಳಿಗ್ಗೆ ನಂಗೆ ತಣ್ಣನೆ ಗಾಡಿ ಬೇಕು. ಅದಕ್ಕೆ ನೀವೇನು ಮಾಡಿ ಅಂದ್ರೆ..."

"ಗೊತ್ತು, ಗೊತ್ತು!" ಎಂದು ರಾಯರು ಗಾಡಿ ಹತ್ತಿ ಕೀಲಿ ತಿರುಗಿಸಿಯೇಬಿಟ್ಟರು. ಮೇಸ್ತ್ರಿ ಒದ್ದಾಡಿ ಇಳಿದು ತಿರುಗಿ ನೋಡುವಷ್ಟರಲ್ಲಿ ಹೊಗೆ ಮಾತ್ರ ಇತ್ತು. ಮಾತಿನ ಬಾಲ ಅವನ ಬಾಯಲ್ಲೇ ಉಳಿಯಿತು.

ಬೆಳಿಗ್ಗೆ ಎದ್ದು ಗಾಡಿಯ ಮುಂದೆ ನಿಂತಾಗ ರಾಯರಿಗೆ ಧರ್ಮಸಂಕಟ ತಿಳಿಯಿತು. ಗಾಡಿಯೇನೋ ಮಂಜಿನಂತೆ ತಣ್ಣಗಿದೆ. ಅದನ್ನು ಗ್ಯಾರೇಜಿಗೆ ಒಯ್ಯಬೇಕಾದರೆ ಓಡಿಸಬೇಕು. ಓಡಿಸಿದರೆ ಬಿಸಿಯಾಗುತ್ತದೆ. ಬಿಸಿಯಾದರೆ ಮೇಸ್ತ್ರಿ ನೋಡುವುದಿಲ್ಲ. ಇದಕ್ಕಿರುವ ದಾರಿ ಒಂದೇ. ಅವರು ಪಂಚೆ ಎತ್ತಿ ಕಟ್ಟಿದರು, ಚಾಲಕನ ಬಾಗಿಲು ತೆರೆದು ಒಂದು ಕೈ ಸ್ಟೀರಿಂಗಿಗೆ ಕೊಟ್ಟರು, ಭುಜವನ್ನು ಬಾಗಿಲ ಚೌಕಟ್ಟಿಗೆ ಕೊಟ್ಟರು, "ದೇವರೇ" ಎಂದು ತಳ್ಳಿದರು.

ಪತ್ರಿಕೆ ಓದುತ್ತಿದ್ದ ಮೇಷ್ಟ್ರು ಜಗುಲಿಯಿಂದ ಇಳಿದು ಬಂದರು.

"ಏನ್ರೀ, ಸ್ಟಾರ್ಟ್ ಆಗ್ತಿಲ್ವೇ?"

"ಆಗತ್ತೆ."

"ಬ್ಯಾಟರಿ ಹೋಯ್ತೇ?"

"ಚೆನ್ನಾಗಿದೆ."

"ಪೆಟ್ರೋಲ್ ಮುಗಿದಿದೆಯೇ?"

"ತುಂಬಿದೆ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಅದು ರಾಯರೇ ಕೊಟ್ಟ ಕನ್ನಡಕ. ಅದರ ಮೇಲೆ ಅವರಿಗೆ ಆಗಾಗ ಅನುಮಾನ ಬರುತ್ತಿತ್ತು. "ಮತ್ತೆ ಯಾಕ್ರೀ ತಳ್ತಿದ್ದೀರಿ?"

"ಸ್ಟಾರ್ಟ್ ಆಗ್ಬಾರ್ದು ಅಂತ!"

ಬುದ್ಧಿವಂತರ ಒಂದು ಲಕ್ಷಣ, ಅರ್ಥವಾಗದ್ದನ್ನು ಕೂಡಲೇ ಒಪ್ಪಿಕೊಳ್ಳುವುದು. "ಓಹೋ, ಹಾಗೋ! ಸರಿಯಾದ ಕ್ರಮ," ಎಂದು ಮೇಷ್ಟ್ರು ಹಿಂದೆ ಹೋಗಿ ಕೈಕೊಟ್ಟರು. ಮೂಲೆಯ ದರ್ಜಿಯೂ ಕೊರಳಲ್ಲಿ ಅಳತೆ ಪಟ್ಟಿ ನೇತಾಡಿಸಿಕೊಂಡೇ ಬಂದು ಸೇರಿದ. ಗಾಡಿ ಗಂಭೀರವಾಗಿ ಬೀದಿಯಲ್ಲಿ ನಡೆಯಿತು. ಎದುರುಮನೆಯ ಅಜ್ಜಿ ಗೇಟಿನಲ್ಲಿ ಕೈ ಅಡ್ಡ ಹಿಡಿದಳು.

"ಆಸ್ಪತ್ರೆ ಕಡೆ ಹೋಗ್ತೀಯೇನಪ್ಪಾ? ನಂಗೆ ಕಣ್ಣಿಗೆ ಔಷಧಿ ತರ್ಬೇಕಿತ್ತು."

"ಅಜ್ಜೀ, ಗಾಡಿ ಓಡಿಸ್ತಿಲ್ಲ, ತಳ್ತಿದ್ದೀವಿ."

"ಅದೇ ಒಳ್ಳೇದಾಯ್ತು. ನಂಗೆ ಜೋರಾಗಿ ಹೋದ್ರೆ ತಲೆ ತಿರುಗತ್ತೆ," ಎಂದು ಅಜ್ಜಿ ಮುಂದಿನ ಬಾಗಿಲಿಗೆ ಕೈಹಾಕಿದಳು. ರಾಯರು ಬೆವರಿನ ನಡುವೆಯೇ ಕೂಗಿದರು: "ಅಲ್ಲಿ ಬೇಡ! ಹಿಂದೆ ಕೂತ್ಕೊಳ್ಳಿ." ಅಜ್ಜಿ ಒಮ್ಮೆ ಆ ಖಾಲಿ ಸೀಟನ್ನು, ಒಮ್ಮೆ ರಾಯರ ಮುಖವನ್ನು ನೋಡಿ, ಹಿಂದೆ ಹತ್ತಿ ಕೂತಳು. ಗಾಡಿ ಒಂದು ಅಜ್ಜಿಯಷ್ಟು ಭಾರವಾಯಿತು.

ದೊಡ್ಡ ರಸ್ತೆ ಕೂಡುವಲ್ಲಿ ಪೊಲೀಸಪ್ಪ ಸೀಟಿ ಊದಿದ.

"ನಿಲ್ಲಿಸ್ರೀ! ಏನಿದು ಮೆರವಣಿಗೆ? ಕೆಟ್ಟ ಗಾಡೀನ ಪಕ್ಕಕ್ಕೆ ಹಾಕಿ."

"ಕೆಟ್ಟಿಲ್ಲ ಸಾರ್," ಎಂದರು ರಾಯರು.

"ಹಾಗಾದ್ರೆ ಓಡಿಸ್ಕೊಂಡು ಹೋಗಿ."

"ಓಡಿಸೋ ಹಾಗಿಲ್ಲ ಸಾರ್."

"ನೋಡ್ರೀ, ನನ್ನ ಇಷ್ಟು ವರ್ಷದ ಸರ್ವಿಸಲ್ಲಿ ಗಾಡಿಗಳು ಎರಡೇ ಜಾತಿ. ಓಡೋದು, ಓಡದೇ ಇರೋದು. ನಿಮ್ಮದು ಯಾವ ಜಾತಿ?"

"ಓಡತ್ತೆ, ಆದ್ರೆ ಓಡಿದ್ರೆ ಬಿಸಿಯಾಗತ್ತೆ."

ಪೊಲೀಸಪ್ಪನ ಹುಬ್ಬು ಟೋಪಿಯೊಳಗೆ ಹೋಯಿತು. ಬೆಳಗಿನ ಹೊತ್ತು, ಸದ್ದು ಮಾಡದೆ ಗಾಡಿ ತಳ್ಳುವವರು ಯಾರು? ಲೋಕದಲ್ಲಿ ಒಂದೇ ವೃತ್ತಿಯವರು. "ಕೀಲಿ ಎಲ್ಲಿ? ಸ್ಟಾರ್ಟ್ ಮಾಡಿ ತೋರ್ಸಿ."

"ಅದೊಂದು ಬಿಟ್ಟು ಏನು ಬೇಕಾದ್ರೂ ಕೇಳಿ ಸಾರ್!" ಎಂದು ರಾಯರು ಸ್ಟೀರಿಂಗಿನ ಬಳಿ ಸಿಕ್ಕಿಸಿದ್ದ ಕೀಲಿಯನ್ನು ಎರಡೂ ಕೈಯಿಂದ ಮುಚ್ಚಿಕೊಂಡರು.

"ಕಾಗದಪತ್ರ?"

"ಮನೇಲಿ. ಎಲ್ಲಿಟ್ಟಿದೆ ಅಂತ ಅವಳಿಗೇ ಗೊತ್ತು."

"ಇವರು ನಮ್ಮ ಬೀದಿಯವರೇ, ನಾನು ಜವಾಬ್ದಾರಿ," ಎಂದು ಮೇಷ್ಟ್ರು ಎದೆ ಸೆಟೆಸಿದರು.

"ನೀವೂ ತಳ್ತಿದ್ರಲ್ಲ? ನಿಮಗೆ ಯಾರು ಜವಾಬ್ದಾರಿ?" ಪೊಲೀಸಪ್ಪ ಒಳಗೆ ಬಗ್ಗಿ ನೋಡಿ ಬೆಚ್ಚಿದ. "ಗುಂಪಿಗೆ ಅಜ್ಜಿ ಬೇರೆ!"

"ನಾನು ಆಸ್ಪತ್ರೆ ಹತ್ರ ಇಳೀತೀನಪ್ಪಾ," ಎಂದಳು ಅಜ್ಜಿ. ಪೊಲೀಸಪ್ಪನಿಗೆ ಅದು ಇನ್ನಷ್ಟು ಅನುಮಾನಾಸ್ಪದವಾಗಿ ಕೇಳಿಸಿತು.

ಕೊನೆಗೆ ಅವನು ರಾಯರ ಫೋನನ್ನೇ ಇಸಿದುಕೊಂಡು, ಅವರ ಮನೆಯಾಕೆಗೆ ಕರೆ ಮಾಡಿದ. ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದ. ಬಸ್ಸು, ಹಾಲಿನ ವ್ಯಾನು, ಸೈಕಲ್ಲುಗಳು ಸುತ್ತ ನಿಂತಿದ್ದವು.

"ಹಲೋ?" ಎಂದಿತು ದನಿ. ಅಷ್ಟು ಜನರ ನಡುವೆ ರಾಯರು ಫೋನಿನ ಹತ್ತಿರಕ್ಕೆ ಸರಿದರು. ಆ ಒಂದು ಹಲೋದಲ್ಲಿ ಮನೆಯ ಹೊಸ್ತಿಲು, ಬಾಗಿಲು, ಸಂಜೆಯ ದೀಪ ಎಲ್ಲ ಇತ್ತು.

"ಅಮ್ಮಾ, ನಾವು ಪೊಲೀಸು. ಗಾಬರಿ ಬೇಡ. ಇಲ್ಲೊಬ್ಬರು ಚೆನ್ನಾಗಿ ಓಡೋ ಕಾರನ್ನ ತಳ್ಕೊಂಡು ಹೋಗ್ತಿದ್ದಾರೆ. ನಿಮ್ಮ ಯಜಮಾನ್ರಂತೆ. ಸ್ಟಾರ್ಟ್ ಮಾಡಿ ಅಂದ್ರೆ ಅಳೋ ಹಾಗೆ ಮಾಡ್ತಾರೆ."

"ಯಾಕಂತೆ?"

ಪೊಲೀಸಪ್ಪ ರಾಯರ ಕಡೆ ತಿರುಗಿದ. ರಾಯರು ಹೇಳಿದ್ದನ್ನೆಲ್ಲ ಅವನು ಸರ್ಕಾರಿ ದನಿಯಲ್ಲಿ ಫೋನಿಗೆ ದಾಟಿಸಿದ: "ಅದೇನೋ ದೀಪ ಆರಿಸ್ಬೇಕಂತೆ. ಅದಕ್ಕೆ ತಣ್ಣಗಿರೋ ಗಾಡಿ ಬೇಕಂತೆ. ದೀಪ ಆರಿದ್ರೆ ಮಾತ್ರ ಹೆಂಡ್ತೀನ ಮನೆಗೆ ಕರ್ಕೊಂಡು ಬರಬಹುದಂತೆ."

ಹಾಲಿನ ವ್ಯಾನಿನವನೂ ಇಂಜಿನ್ ಆರಿಸಿ ಕಿವಿಗೊಟ್ಟ.

"ಅಮ್ಮಾ? ಲೈನಲ್ಲಿದ್ದೀರಾ?"

"ಇದ್ದೀನಿ." ದನಿ ಸ್ವಲ್ಪ ತೇವವಾಗಿತ್ತು. "ಆ ದೀಪ... ಇನ್ನೂ ಆರಿಲ್ವಾ?"

"ಇವರ ಮುಖ ನೋಡಿದ್ರೆ ಆರಿದ ಹಾಗೆ ಕಾಣಲ್ಲಮ್ಮ."

"ಅವರು ನಮ್ಮ ಯಜಮಾನ್ರೇ. ಬೇರೆ ಯಾರಿಗೂ ಇಂಥ ಯೋಚನೆ ಹೊಳೆಯಲ್ಲ. ಬಿಟ್ಟುಬಿಡಿ ಅವರನ್ನ." ಕೊನೆಗೆ, "ಸೊಂಟ ನೋಡ್ಕೊಂಡು ತಳ್ಳೋಕೆ ಹೇಳಿ," ಎಂದಿತು ದನಿ. ರಾಯರು ಕೈ ಚಾಚುವಷ್ಟರಲ್ಲಿ ಕರೆ ಕಡಿದುಹೋಯಿತು.

ಸುಳ್ಳು ಬಯಲಾಯಿತು, ಕೋಪ ಬಂದೇ ಕಡಿದಳು ಎಂದುಕೊಂಡರು ರಾಯರು. ಪೊಲೀಸಪ್ಪ ಮಾತ್ರ ಬೇರೆಯೇ ಮನುಷ್ಯನಾಗಿದ್ದ. ಟೋಪಿ ಸರಿಮಾಡಿಕೊಂಡು, ಫೋನನ್ನು ಕಿಟಕಿಯಿಂದ ಅಜ್ಜಿಯ ಕೈಗಿತ್ತು, ನಾಲ್ಕೂ ದಿಕ್ಕಿನ ವಾಹನಗಳನ್ನು ನಿಲ್ಲಿಸಿ ಗುಡುಗಿದ: "ಯಾರೂ ಹಾರ್ನ್ ಹೊಡೀಬಾರ್ದು! ತಳ್ರೀ ಮೇಷ್ಟ್ರೇ, ಏನು ನೋಡ್ತೀರಿ? ಅವರ ಹೆಂಡ್ತಿ ಬರೋದಿದೆ!" ಅವನೇ ಮುಂದೆ ಸೀಟಿ ಊದುತ್ತ ನಡೆದ. ಬಸ್ಸಿನಿಂದ ಇಬ್ಬರು ಇಳಿದು ಕೈಗೂಡಿಸಿದರು. ಅಜ್ಜಿ ಆಸ್ಪತ್ರೆಯ ಮುಂದೆ ಇಳಿದು, "ದೇವರು ನಿನ್ನ ಚೆನ್ನಾಗಿಟ್ಟಿರ್ಲಿ," ಎಂದು ಹರಸಿ, ರಾಯರ ಫೋನನ್ನು ತನ್ನ ಚೀಲದೊಳಗೆ ಇಟ್ಟುಕೊಂಡೇ ಹೋದಳು.

ಗ್ಯಾರೇಜಿನ ಮುಂದೆ ಬಂದ ಮೆರವಣಿಗೆ ಕಂಡು ಮೇಸ್ತ್ರಿ ಬಾಯಲ್ಲಿದ್ದ ಚಹಾ ನುಂಗಲು ಮರೆತು ನಿಂತ.

"ಸ್ವಾಮೀ, ನಿನ್ನೆ ಹೇಳ್ತಾ ಇದ್ದೆ. ಗಾಡೀನ ಇಲ್ಲೇ ಬಿಟ್ಟು ಹೋಗಿ, ಬೆಳಿಗ್ಗೆ ಹೊತ್ತಿಗೆ ತಾನೇ ತಣ್ಣಗಾಗಿರ್ತದೆ ಅಂತ. ನೀವು..."

ಮೇಷ್ಟ್ರು ತಮ್ಮ ಸೊಂಟವನ್ನು ಹಿಡಿದುಕೊಂಡು ಆಕಾಶ ನೋಡಿದರು. ಪೊಲೀಸಪ್ಪ ಒಮ್ಮೆ ಸೀಟಿ ಊದಿದ: "ಮೊದ್ಲು ಕೆಲಸ!"

ಮೇಸ್ತ್ರಿ ಸೆನ್ಸರಿನ ಜೋಡಣೆ ಬಿಚ್ಚಿ, ಮೀಟರಿನ ಎರಡು ಮೊನೆ ಅದಕ್ಕೆ ಹಿಡಿದ. "ಹೊಡೀರಿ ಕೀಲಿ!" ಗಾಡಿ ಎದ್ದಿತು. ಮೀಟರು ಮಾತ್ರ ಸೊನ್ನೆಯಲ್ಲೇ ಮಲಗಿತ್ತು. "ನೋಡಿ! ಒಲೆಗೆ ಸೌದೆನೇ ಬರ್ತಿಲ್ಲ. ಸೆನ್ಸರು ಪಾಪ, ಹೊಸದೂ ಸರಿ, ಹಳೇದೂ ಸರಿ ಇತ್ತೋ ಏನೋ." ಫ್ಯೂಸು ನೋಡಿದ, ಸರಿಯಿತ್ತು. ಆಮೇಲೆ ತಂತಿಯನ್ನು ಬೆರಳಿನಲ್ಲಿ ಹಿಡಿದು, ಜಪಮಣಿ ಎಣಿಸುವವನಂತೆ ಒಂದೊಂದೇ ಗೇಣು ಅಲುಗಿಸುತ್ತ ಹಿಂದೆ ಹೋದ. ಇಂಜಿನ್ನಿನ ಹಿಂಬದಿ ಒಂದು ತಗಡಿನ ಮೂಲೆಗೆ ಆತು ಬಾಗಿದ್ದ ಕಡೆ ಅಲುಗಿಸಿದಾಗ ಮೀಟರು ಚಂಗನೆ ಹಾರಿ, ಮತ್ತೆ ಮಲಗಿತು.

"ಸಿಕ್ಕಿದ!" ಎಂದು ಮೇಸ್ತ್ರಿ ಕಿರುಚಿದ. ತಂತಿಯ ಸಿಪ್ಪೆ ಹೊರಗೆ ಹೊಳೆಯುತ್ತಿತ್ತು, ಗೀರೂ ಇಲ್ಲ. ಸೀಳಿದರೆ ಒಳಗಿನ ತಾಮ್ರ ತುಂಡಾಗಿತ್ತು. ಎರಡು ತುದಿಗಳು ಎದುರುಬದುರು ಕೂತು, ಒಂದನ್ನೊಂದು ಮುಟ್ಟದೆ, ಮುಟ್ಟಿಯೇ ಇದ್ದೇವೆಂಬಂತೆ ಸಿಪ್ಪೆಯ ಮರ್ಯಾದೆ ಕಾಯುತ್ತಿದ್ದವು. ರಾಯರು ಅದನ್ನು ಬಹಳ ಹೊತ್ತು ನೋಡಿದರು.

ಬೆಸುಗೆಯಾಯಿತು, ದೀಪ ಆರಿತು. ಇಂಜಿನ್ ಬಿಕ್ಕಳಿಕೆ ಬಿಟ್ಟು ಹಸುವಿನಂತೆ ಮೆಲುಕು ಹಾಕಿತು. ರಾಯರು ಮನೆಗೂ ಹೋಗಲಿಲ್ಲ, ಕಟ್ಟಿದ ಪಂಚೆಯಲ್ಲೇ, ಮಸಿ ಮೆತ್ತಿದ ಅಂಗಿಯಲ್ಲೇ ಏರುದಾರಿ ಹಿಡಿದರು. ಪಕ್ಕದ ಸೀಟಿಗೆ ಕ್ಷಮಾಪಣೆ ಅಭ್ಯಾಸ ಮಾಡುತ್ತ ಹೋದರು. 'ನೋಡು, ಸುಳ್ಳು ಹೇಳಿದ್ದು ತಪ್ಪು.' ಛೇ, ಹಾಗಲ್ಲ. 'ನೋಡು, ಗಾಡಿ ಈಗ ವಾಸನೆ ಬರಲ್ಲ.' ಅದೂ ಅಲ್ಲ. ಎದುರಿಗೆ ಇಳಿಯುತ್ತ ಬಂದ ಬಸ್ಸಿಗೆ ದಾರಿ ಕೊಡುವಾಗಲೂ ಅವರ ತುಟಿ ಅಲುಗುತ್ತಿತ್ತು.

ಭಾಮೈದ ಅಂಗಳಕ್ಕೆ ಬಂದವನು ಬಾಯಿ ತೆರೆದು ನಿಂತ.

"ಭಾವಾ! ನೀವಿಲ್ಲಿ? ಅಕ್ಕ ಅಲ್ಲಿಗೆ ಹೊರಟ್ಲಲ್ಲ!"

"ಎಲ್ಲಿಗೆ?"

"ನಿಮ್ಮನೆಗೆ! ಬೆಳಿಗ್ಗೆ ಪೊಲೀಸರ ಫೋನು ಬಂದಿದ್ದೇ ಬಂದಿದ್ದು, ಒಲೆ ಮೇಲಿದ್ದ ಹಾಲನ್ನೂ ಇಳಿಸ್ಲಿಲ್ಲ. ಸಿಕ್ಕಿದ ಬಸ್ಸು ಹತ್ತಿದ್ಲು. ನಿಮಗೆ ಎಷ್ಟು ಸಲ ಮಾಡಿದ್ವಿ ಗೊತ್ತಾ? ಯಾರೋ ಅಜ್ಜಿ ಎತ್ತಿ, ಕಣ್ಣಿಗೆ ಔಷಧಿ ಹಾಕಿದ್ದಾರೆ, ಆಮೇಲೆ ಮಾಡಿ ಅಂತಾರೆ!"

ನಾದಿನಿ ಒಳಗಿನಿಂದ ಕುಂಟದೆ ಬಂದು ನಕ್ಕಳು. "ಎರಡು ತಿಂಗಳಿಂದ ನಿಮ್ಮಿಬ್ಬರ ಫೋನೂ ಕೇಳ್ತಿದ್ದೀನಿ. ನಂಗೆ ಕಾಲು ಮಾತ್ರ ಮುರಿದಿತ್ತು, ನಿಮಗೆ ಏನೇನು ಮುರಿದಿತ್ತೋ! ಊಟ ಮಾಡಿ ಮಲಗಿ ಭಾವ, ನಾಳೆ ಹೋದ್ರಾಯ್ತು." ಎಂದು ತನ್ನ ಫೋನಿನಿಂದ ಕರೆ ಹಚ್ಚಿ ಅವರ ಕೈಗಿತ್ತಳು.

"ಎಲ್ಲಿದ್ದೀರಿ?" ಎಂದಳು ಮನೆಯಾಕೆ.

"ನಿನ್ನ ತವರಲ್ಲಿ. ನೀನು?"

"ನಮ್ಮನೇಲಿ."

ಇಬ್ಬರ ನಡುವೆ ಒಂದಿಡೀ ಏರುದಾರಿ ಬಿಸಿಲಿನಲ್ಲಿ ಮಲಗಿತ್ತು.

"ದೀಪ ಆರಿದೆ ಅಂತ ಯಾಕೆ ಹೇಳಿದ್ರಿ? ಆರಿದ ಮೇಲೂ ಬರ್ಲಿಲ್ಲ, ನಾನು ಬೇಡವಾದೆನೇನೋ ಅಂದ್ಕೊಂಡೆ."

ಗಂಟಲವರೆಗೆ ಬಂದ ಮಾತು ಅಂದೂ ಹಲ್ಲಿನ ಬಾಗಿಲಲ್ಲಿ ನಿಂತಿತು. ಆದರೆ ಬಾಗಿಲು ಕಾಯುವವನು ಬೆಳಗಿನಿಂದ ಗಾಡಿ ತಳ್ಳಿ ಸುಸ್ತಾಗಿದ್ದ. "ನೀನಿಲ್ಲದೆ ಆಗ್ತಿಲ್ಲ ಕಣೇ," ಎಂದು ಹೊರಗೆ ಬಿದ್ದುಬಿಟ್ಟಿತು. ಭಾಮೈದ ತಟ್ಟನೆ ಬೇರೆ ಕಡೆ ನೋಡಿದ.

ಫೋನಿನಲ್ಲಿ ಮೂಗೆಳೆದ ಸದ್ದು ಕೇಳಿಸಿತು. ಆಮೇಲೆ ಆಕೆ ಕೇಳಿದಳು:

"ಗಾಡಿ ಇನ್ನೂ ಬಿಸಿ ಇದೆಯಾ?"

ರಾಯರು ಅಂಗಳಕ್ಕೆ ಇಳಿದು, ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ಹಾಗೇ ಇಟ್ಟುಕೊಂಡು ನಿಂತರು.

"ಇದೆ."

"ಮತ್ತೆ ಅದು ತಣ್ಣಗಾಗೋ ಮೊದ್ಲೇ ಹೊರಟು ಬರೋದು ಬಿಟ್ಟು ಅಲ್ಲಿ ಏನು ಮಾಡ್ತಿದ್ದೀರಿ?"